ಮ್ಯೂನಿಕ್‌ನಲ್ಲಿ ಒಂದು ಸೆಮಿಸ್ಟರ್, ಚಳಿಗಾಲದಲ್ಲಿ ಆಲ್ಪ್ಸ್ ಕಡೆಗೆ ಕಾರು: ಹೊರಡುವ ಮುಂಚೆ ಓದಿ

ಚಳಿಗಾಲದ ಸೆಮಿಸ್ಟರ್‌ಗೆಂದು ಮ್ಯೂನಿಕ್‌ಗೆ ಹೋಗುವ ನಮ್ಮ ಹುಡುಗ ಹುಡುಗಿಯರು ನವೆಂಬರ್ ಹೊತ್ತಿಗೆಲ್ಲ ಒಂದೇ ಪ್ಲ್ಯಾನ್ ಹಾಕುತ್ತಾರೆ. ನಾಲ್ಕು ಜನ ಸೇರಿ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು, ಆಸ್ಟ್ರಿಯಾ ದಾಟಿ ಇಟಲಿಯ ಡೊಲೊಮೈಟ್ಸ್ ಬೆಟ್ಟಗಳ ತನಕ ಹೋಗಿ ಬರುವುದು. ಖಂಡಿತ ಹೋಗಿ. ಓದುವ ವಯಸ್ಸಿನಲ್ಲಿ, ಜೊತೆಗೆ ಗೆಳೆಯರಿರುವಾಗ ಹಿಮದ ಬೆಟ್ಟ ನೋಡುವ ಖುಷಿಯೇ ಬೇರೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದಿದ್ದೆಲ್ಲ ಅದರ ಸುತ್ತಲೇ ಇದೆ: ಹಿಮ ಬಿದ್ದ ದಿನ ಕಾರು ತೆಗೆಯದೆ ಸುಮ್ನೆ ಕೂತರೂ ಕೆಡದ ಹಾಗೆ ನಿಮ್ಮ ಪ್ಲ್ಯಾನ್ ಇರಬೇಕು. ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್, ಎಲ್ಲದಕ್ಕೂ ದುಡ್ಡು ಕಟ್ಟಿ ಆಗಿದೆ ಅಂದರೆ ಬೆಟ್ಟದಲ್ಲಿ ಹವೆ ಕೆಟ್ಟಾಗಲೂ ನೀವು ಹೊರಟೇ ಹೊರಡುತ್ತೀರಿ. ಅಪಾಯ ಇರುವುದು ಅಲ್ಲೇ.

ಮೊದಲ ಕೆಲಸ ಊರಲ್ಲೇ ಆಗಬೇಕು. ವಿಮಾನ ಹತ್ತುವ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಡಿಎಲ್, ಪಾಸ್‌ಪೋರ್ಟ್, ವೀಸಾ ಇಟ್ಟುಕೊಂಡು ಫಾರಂ 4ಎ ತುಂಬಬೇಕು, ಸಾರಥಿ ವೆಬ್‌ಸೈಟಿನಲ್ಲೂ ಅರ್ಜಿ ಹಾಕಬಹುದು. ಅದು ಒಂದು ವರ್ಷ ನಡೆಯುತ್ತದೆ. ಅಲ್ಲಿಗೆ ಹೋದಮೇಲೆ ಇದನ್ನು ಮಾಡಿಸುವುದು ದೊಡ್ಡ ತಲೆನೋವು, ಹಾಗಾಗಿ ಕಾರು ಓಡಿಸುತ್ತೀರೋ ಇಲ್ಲವೋ, ಮಾಡಿಸಿ ಇಟ್ಟುಕೊಳ್ಳಿ. ಪರ್ಮಿಟ್ ಒಂದೇ ಸಾಲದು, ಒರಿಜಿನಲ್ ಡಿಎಲ್ ಕೂಡ ಜೊತೆಯಲ್ಲೇ ಇರಬೇಕು. ಜರ್ಮನಿಯಲ್ಲಿ ನೀವು ವಾಸ ಶುರುಮಾಡಿದ ದಿನದಿಂದ ಆರು ತಿಂಗಳು ನಮ್ಮ ಡಿಎಲ್ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ಹೋದವರಿಗೆ ಮಾರ್ಚ್ ಕೊನೆಯವರೆಗೆ ಸಾಕಾಗುತ್ತದೆ.

ಇನ್ನು ಗಡಿ ದಾಟುವ ವಿಷಯ. ಜರ್ಮನಿಯ ನ್ಯಾಷನಲ್ ವೀಸಾ ಅಥವಾ ರೆಸಿಡೆನ್ಸ್ ಕಾರ್ಡ್ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನದೊಳಗೆ 90 ದಿನ ಓಡಾಡಬಹುದು, ಬೇರೆ ವೀಸಾ ಬೇಡ. ಹಾಗಂತ ಪಾಸ್‌ಪೋರ್ಟ್ ರೂಮಲ್ಲಿ ಬಿಟ್ಟು ಹೋಗಬೇಡಿ. ಆಸ್ಟ್ರಿಯಾದಿಂದ ಜರ್ಮನಿಗೆ ವಾಪಸ್ ಬರುವಾಗ ತಪಾಸಣೆ ಇರುತ್ತದೆ, ಫೋನಿನಲ್ಲಿರುವ ಫೋಟೊ ಅಲ್ಲಿ ನಡೆಯುವುದಿಲ್ಲ. ವೀಸಾ ಮುಗಿದು ಕಾರ್ಡ್ ಇನ್ನೂ ಕೈಗೆ ಬಂದಿಲ್ಲ ಎನ್ನುವವರು, ತಮ್ಮ ಹತ್ತಿರ ಇರುವ ತಾತ್ಕಾಲಿಕ ಕಾಗದದ ಮೇಲೆ ದೇಶದ ಹೊರಗೆ ಹೋಗಿ ಬರಬಹುದಾ ಅಂತ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿಕೊಂಡೇ ಹೊರಡಿ.

ಯಾವಾಗ ಹೋಗಬೇಕು? ಎಲ್ಲರೂ ಕ್ರಿಸ್‌ಮಸ್ ರಜೆಗೆ ಕಾಯುತ್ತಾರೆ. ನನ್ನ ಪ್ರಕಾರ ಅದು ತಪ್ಪು ಆಯ್ಕೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲು, ಹೋಟೆಲ್ ಬೆಲೆ ಜಾಸ್ತಿ, ಅರ್ಧ ಯುರೋಪ್ ಅದೇ ರಸ್ತೆಯಲ್ಲಿ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ, ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ನೋಡಿ. ಆಗ ಸಂಜೆ ಆರರ ಹತ್ತಿರದವರೆಗೂ ಬೆಳಕಿರುತ್ತದೆ, ಬೆಟ್ಟದ ಮೇಲೆ ಹಿಮವೂ ದಂಡಿಯಾಗಿರುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲೆಗಳಿಗೆ ಕಾರ್ನಿವಲ್ ರಜೆ ಕೊಡುವ ವಾರ ಮಾತ್ರ ಬಿಟ್ಟುಬಿಡಿ. ಹಾಗೇ ಶನಿವಾರ ಹೊರಡಬೇಡಿ. ಸ್ಕೀ ಊರುಗಳ ಹೋಟೆಲ್‌ಗಳಲ್ಲಿ ವಾರದ ಅತಿಥಿಗಳು ಖಾಲಿ ಮಾಡುವುದೂ ಹೊಸಬರು ಬರುವುದೂ ಶನಿವಾರವೇ, ಇಡೀ ಕಣಿವೆ ಜಾಮ್ ಆಗಿರುತ್ತದೆ. ಜಾಮ್ ತಪ್ಪಿಸೋಣ ಅಂತ ಫೋನಿನ ಮ್ಯಾಪ್ ಹಳ್ಳಿ ದಾರಿ ತೋರಿಸಿದರೂ ಹೋಗುವ ಹಾಗಿಲ್ಲ. ಆಸ್ಟ್ರಿಯಾದ ಟಿರೋಲ್ ರಾಜ್ಯದಲ್ಲಿ ಸೀಸನ್ನಿನ ವಾರಾಂತ್ಯಗಳಲ್ಲಿ ಹೀಗೆ ಹೈವೇ ಬಿಟ್ಟು ಒಳದಾರಿ ಹಿಡಿಯುವುದನ್ನು ಹಲವು ಕಡೆ ನಿಷೇಧಿಸಿದ್ದಾರೆ, ಪೊಲೀಸರು ನಿಂತು ವಾಪಸ್ ಕಳಿಸುತ್ತಾರೆ. ಸೋಮವಾರ ಹೊರಟು ಶುಕ್ರವಾರ ವಾಪಸ್ ಬನ್ನಿ.

ಕಾರನ್ನು ಮ್ಯೂನಿಕ್‌ನಲ್ಲೇ ತೆಗೆದುಕೊಳ್ಳಬೇಕು ಅಂತ ಏನೂ ಇಲ್ಲ. ರೈಲಿನಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಎರಡು ಗಂಟೆಯೊಳಗೆ ಹೋಗಬಹುದು, ಅಲ್ಲಿ ಬಾಡಿಗೆಗೆ ತೆಗೆದುಕೊಳ್ಳಿ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಆಸ್ಟ್ರಿಯಾದ ಬಾಡಿಗೆ ಕಾರಿಗೆ ಚಳಿಗಾಲದಲ್ಲಿ ವಿಂಟರ್ ಟೈರ್ ಇರುತ್ತದೆ, ಹೈವೇಗೆ ಬೇಕಾದ ವಿನ್ಯೆಟ್ ಕೂಡ ಸಾಮಾನ್ಯವಾಗಿ ಇರುತ್ತದೆ. ವಿನ್ಯೆಟ್ ಅಂದರೆ ಟೋಲ್ ಬದಲು ಮುಂಚೆಯೇ ಕಟ್ಟುವ ಪಾಸು. ಮ್ಯೂನಿಕ್‌ನಿಂದಲೇ ಕಾರಲ್ಲಿ ಹೋಗುವವರು ಗಡಿಗೆ ಮುಂಚೆ ಸಿಗುವ ಪೆಟ್ರೋಲ್ ಬಂಕಿನಲ್ಲಿ ಹತ್ತು ದಿನದ ವಿನ್ಯೆಟ್ ತೆಗೆದುಕೊಳ್ಳಬೇಕು. ಇನ್ಸ್‌ಬ್ರುಕ್‌ನಿಂದ ಇಟಲಿ ಗಡಿಯ ಬ್ರೆನ್ನರ್‌ಗೆ ಹೋಗುವ ಎ13 ಹೈವೇಗೆ ವಿನ್ಯೆಟ್ ನಡೆಯುವುದಿಲ್ಲ, ಅದಕ್ಕೆ ಬೇರೆ ಟೋಲ್. ಗಡಿ ದಾಟಿದ ಮೇಲೆ ಇಟಲಿಯ ಎ22ಗೆ ಮತ್ತೊಂದು.

ಬುಕ್ ಮಾಡುವಾಗ ನಾಲ್ಕು ವಿಷಯ ಬರಹದಲ್ಲಿ ಕೇಳಿ ಪಡೆಯಿರಿ. ಇಟಲಿಗೆ ಕಾರು ಒಯ್ಯಲು ಅನುಮತಿ ಇದೆಯಾ? ಇಲ್ಲದೆ ಹೋದರೆ ಇನ್ಶೂರೆನ್ಸ್ ಕೈ ಕೊಡುತ್ತದೆ. ಟೈರಿನ ಮೇಲೆ ಬೆಟ್ಟ ಮತ್ತು ಹಿಮದ ಹರಳು ಇರುವ ಗುರುತು ಇದೆಯಾ? ಈಗ ಜರ್ಮನಿಯಲ್ಲಿ ವಿಂಟರ್ ಟೈರ್ ಅಂತ ಒಪ್ಪುವುದು ಆ ಗುರುತಿದ್ದರೆ ಮಾತ್ರ, ಬರೀ ಎಂ ಪ್ಲಸ್ ಎಸ್ ಅಂತ ಬರೆದಿದ್ದರೆ ಸಾಲದು. ಸ್ನೋ ಚೈನ್ ಕೊಡುತ್ತಾರಾ? ಇನ್ನೊಬ್ಬ ಡ್ರೈವರ್ ಹೆಸರು ಅಗ್ರಿಮೆಂಟಿನಲ್ಲಿ ಸೇರಿದೆಯಾ? 25 ವರ್ಷದೊಳಗಿನವರಿಗೆ ಹೆಚ್ಚುವರಿ ಚಾರ್ಜು ಹಾಕುತ್ತಾರೆ, ಡೆಪಾಸಿಟ್‌ಗೆ ಬಹಳ ಕಡೆ ಕ್ರೆಡಿಟ್ ಕಾರ್ಡೇ ಬೇಕು, ಡೆಬಿಟ್ ಕಾರ್ಡ್ ಆಗುವುದಿಲ್ಲ. ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಕಾನೂನು ಕೂಡ ತಿಳಿದಿರಲಿ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದಾಗ ವಿಂಟರ್ ಟೈರ್ ಕಡ್ಡಾಯ, ಅದರ ಗೀರು ಕನಿಷ್ಠ 4 ಮಿ.ಮೀ. ಆಳ ಇರಬೇಕು. ಬ್ರೆನ್ನರ್ ಆಚೆ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ವಿಂಟರ್ ಟೈರ್ ಇರಬೇಕು, ಇಲ್ಲವೇ ಗಾಡಿಯಲ್ಲಿ ಚೈನ್ ಇರಬೇಕು. ನೀಲಿ ಬಣ್ಣದ ದುಂಡು ಬೋರ್ಡಿನಲ್ಲಿ ಚೈನ್ ಸುತ್ತಿದ ಟೈರಿನ ಚಿತ್ರ ಕಂಡರೆ ಅಲ್ಲಿಂದ ಮುಂದೆ ಚೈನ್ ಹಾಕಲೇಬೇಕು. ಅದನ್ನು ಎಂಜಿನ್ ತಿರುಗಿಸುವ ಚಕ್ರಗಳಿಗೆ ಹಾಕುವುದು, ಹಾಕಿದ ಮೇಲೆ 50 ಕಿ.ಮೀ. ವೇಗ ಮೀರಬಾರದು. ದಯವಿಟ್ಟು ಕಾರು ತೆಗೆದುಕೊಂಡ ದಿನ, ಒಣ ಜಾಗದಲ್ಲಿ, ಬೆಳಕಿರುವಾಗ ಒಮ್ಮೆ ಹಾಕಿ ತೆಗೆದು ನೋಡಿ. ಕತ್ತಲಲ್ಲಿ, ಗಾಳಿಯಲ್ಲಿ, ಮರಗಟ್ಟಿದ ಬೆರಳಲ್ಲಿ ಕಲಿಯುವ ಕೆಲಸ ಅಲ್ಲ ಅದು.

ದಾರಿ ಸುಲಭ. ಇನ್ಸ್‌ಬ್ರುಕ್ ಇರುವುದು ಕಣಿವೆಯಲ್ಲಿ, 574 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬ್ರೆನ್ನರ್ 1,370 ಮೀಟರ್, ಆಮೇಲೆ ಇಳಿಯುತ್ತಾ ಇಟಲಿಯ ಬೋಲ್ಜಾನೊ ಬರುವ ಹೊತ್ತಿಗೆ 262 ಮೀಟರ್. ಒಟ್ಟು ಸುಮಾರು 120 ಕಿ.ಮೀ. ಬ್ರೆನ್ನರ್ ಆಲ್ಪ್ಸ್‌ನ ದೊಡ್ಡ ಕಣಿವೆದಾರಿಗಳಲ್ಲೇ ತಗ್ಗಿನದು, ಹಿಮ ಬಿದ್ದ ಕೂಡಲೇ ತೆಗೆಯುತ್ತಾರೆ. ಆದರೆ 2025ರಿಂದ ಅಲ್ಲಿಯ ಲೂಯೆಗ್ ಸೇತುವೆ ಕೆಲಸ ನಡೆಯುತ್ತಿದೆ, ಒಂದೊಂದೇ ಲೇನ್ ಬಿಡುವ ದಿನಗಳಿರುತ್ತವೆ, ಆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಫೋಟೊಗಳಲ್ಲಿ ನೋಡಿ ಆಸೆಪಟ್ಟ ಎತ್ತರದ ಘಾಟಿ ರಸ್ತೆಗಳೆಲ್ಲ ಚಳಿಗಾಲದಲ್ಲಿ ಮುಚ್ಚಿರುತ್ತವೆ. ಗ್ರಾಸ್‌ಗ್ಲೋಕ್ನರ್ ಇಲ್ಲ, ಸ್ಟೆಲ್ವಿಯೊ ಇಲ್ಲ, ಟಿಮ್ಮೆಲ್ಸ್‌ಯೋಖ್ ಇಲ್ಲ. ಬೋರ್ಡಿನಲ್ಲಿ ವಿಂಟರ್‌ಷ್ಪೆರ್ರೆ ಅಂತ ಕಂಡರೆ ಆ ರಸ್ತೆ ಬೇಸಿಗೆಯ ತನಕ ಬಂದ್ ಅಂತಲೇ ತಿಳಿಯಿರಿ.

ತಂಗಲು ಎರಡೇ ಊರು ಸಾಕು, ಇನ್ಸ್‌ಬ್ರುಕ್ ಒಂದು, ಬೋಲ್ಜಾನೊ ಇನ್ನೊಂದು. ಎರಡೂ ಕಡೆ ಕೊನೇ ಕ್ಷಣದವರೆಗೆ ಕ್ಯಾನ್ಸಲ್ ಮಾಡಬಹುದಾದ ರೂಮನ್ನೇ ಹಿಡಿಯಿರಿ, ನಾಲ್ಕಾರು ಯುರೋ ಜಾಸ್ತಿಯಾದರೂ ಪರವಾಗಿಲ್ಲ. ಕಾರನ್ನು ಕಣಿವೆಯಲ್ಲಿ ನಿಲ್ಲಿಸಿ, ಮೇಲಕ್ಕೆ ಬಸ್ಸು ಮತ್ತು ಕೇಬಲ್ ಕಾರಿನಲ್ಲಿ ಹೋಗಿ. ಬೋಲ್ಜಾನೊ ಇರುವ ದಕ್ಷಿಣ ಟಿರೋಲ್‌ನ ಬಹಳಷ್ಟು ಹೋಟೆಲ್, ಹೋಂಸ್ಟೇಗಳು ಅತಿಥಿಗಳಿಗೆ ಗೆಸ್ಟ್ ಪಾಸ್ ಕೊಡುತ್ತವೆ, ಅದರಲ್ಲಿ ಬಸ್ಸು, ರೈಲು ಉಚಿತ. ಸೈಜರ್ ಆಲ್ಮ್‌ನ ದೊಡ್ಡ ಬಯಲಿಗೆ ಹಗಲು ಹೊತ್ತು ಹೊರಗಿನವರ ಕಾರು ಬಿಡುವುದೇ ಇಲ್ಲ, ಕೆಳಗಿನ ಊರಿಂದ ಕೇಬಲ್ ಕಾರ್ ಇದೆ. ಅಲ್ಲಿ ದಿನವೂ ಹಿಮದಲ್ಲೇ ಓಡಿಸುವ ಬಸ್ ಡ್ರೈವರ್ ಇರುವಾಗ ಆ ತಿರುವುಗಳನ್ನು ನೀವೇ ಏರಬೇಕು ಅನ್ನುವ ಹಟ ಯಾಕೆ?

ಈಗ ಓಡಿಸುವ ವಿಷಯ. ಎಡಗಡೆ ಸ್ಟೀರಿಂಗ್, ಬಲಗೈಯಲ್ಲಿ ಗೇರ್, ರಸ್ತೆಯ ಬಲಬದಿ. ಮೊದಲ ಅರ್ಧ ದಿನ ಊರೊಳಗಿನ ಖಾಲಿ ರಸ್ತೆಯಲ್ಲಿ ಸುತ್ತಿ. ಬೋರ್ಡು, ಸಿಗ್ನಲ್ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಇದು ನಮಗೆ ಅಭ್ಯಾಸವಿಲ್ಲದ ನಿಯಮ, ಆದರೆ ಅಲ್ಲಿ ಎಲ್ಲರೂ ಅದನ್ನೇ ನಂಬಿ ನುಗ್ಗುತ್ತಾರೆ. ಹೈವೇಯಲ್ಲಿ ಜಾಮ್ ಆಗಿ ಗಾಡಿಗಳು ನಿಧಾನವಾದ ತಕ್ಷಣ ಎಡ ತುದಿಯ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ಮಧ್ಯೆ ಆಂಬುಲೆನ್ಸ್‌ಗೆ ದಾರಿ ಮಾಡಬೇಕು. ಸೈರನ್ ಕೇಳುವವರೆಗೆ ಕಾಯುವುದಲ್ಲ, ಮುಂಚೆಯೇ.

ಚಾರ್ಮಾಡಿ, ಆಗುಂಬೆ, ಶಿರಾಡಿ ಘಾಟಿಗಳಲ್ಲಿ ಓಡಿಸಿದವರಿಗೆ ತಿರುವಿನ ಭಯ ಇರುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಹೋಗಬಾರದು, ಕಡಿಮೆ ಗೇರಿನಲ್ಲಿ ಎಂಜಿನ್ನೇ ಹಿಡಿಯುವ ಹಾಗೆ ಇಳಿಯಬೇಕು ಅನ್ನುವುದೂ ಗೊತ್ತಿರುತ್ತದೆ. ಅದು ಅಲ್ಲೂ ನಿಜ. ಆದರೆ ತಿರುವಿನ ಬಾಯಿಗೆ ಬಂದು ಬ್ರೇಕ್ ಒತ್ತುತ್ತಲೇ ಸ್ಟೀರಿಂಗ್ ತಿರುಗಿಸುವ ಅಭ್ಯಾಸವನ್ನು ಪೂರ್ತಿ ಬಿಡಬೇಕು. ಹಿಮದ ಮೇಲೆ ಟೈರಿನ ಹಿಡಿತ ತುಂಬ ಕಡಿಮೆ, ಒಂದು ಸಲಕ್ಕೆ ಒಂದೇ ಕೆಲಸ ಮಾಡಬಲ್ಲದು. ಮೊದಲು ನೇರ ರಸ್ತೆಯಲ್ಲೇ ವೇಗ ಇಳಿಸಿ, ಆಮೇಲೆ ತಿರುಗಿಸಿ, ತಿರುವು ಮುಗಿದ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಕೊಡಿ. ಮುಂದಿನ ಗಾಡಿಯಿಂದ ಒಣ ರಸ್ತೆಯಲ್ಲಿ ಬಿಡುವುದಕ್ಕಿಂತ ಮೂರು ಪಟ್ಟಾದರೂ ದೂರ ಇರಿ. ಹಿಂದಿನವರು ಅಂಟಿಕೊಂಡು ಬಂದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಂತು ಅವರನ್ನು ಮುಂದೆ ಬಿಡಿ.

ಕಣ್ಣಿಗೆ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆ ಹೆಚ್ಚು ಕೆಟ್ಟದ್ದು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮಲೆನಾಡಿನ ಅಂಗಳದ ಹಾಗೆ, ನೋಡಲು ಬರೀ ಒದ್ದೆ, ಕಾಲಿಟ್ಟರೆ ಗೊತ್ತು. ಸೇತುವೆಗಳು ಮೊದಲು ಹೆಪ್ಪುಗಟ್ಟುತ್ತವೆ, ಯಾಕೆಂದರೆ ಕೆಳಗಿನಿಂದಲೂ ತಣ್ಣನೆ ಗಾಳಿ ಹಾಯುತ್ತದೆ. ಆಮೇಲೆ ಬಿಸಿಲು ತಾಗದ ತಿರುವು, ಸುರಂಗದ ಬಾಯಿ. ಡ್ಯಾಶ್‌ಬೋರ್ಡಿನಲ್ಲಿ 3 ಡಿಗ್ರಿ ತೋರಿಸುತ್ತಿದೆ ಅಂದರೆ ರಸ್ತೆಯ ಮೇಲೆ ಸೊನ್ನೆ ಇರಬಹುದು. ಇನ್ಸ್‌ಬ್ರುಕ್ ಕಡೆ ಫ್ಯೋನ್ ಅನ್ನುವ ಬಿಸಿಗಾಳಿ ಬೀಸುತ್ತದೆ, ಒಂದೇ ಹಗಲಿನಲ್ಲಿ ಹಿಮ ಕರಗಿ ರಸ್ತೆಯೆಲ್ಲ ನೀರು. ಎಷ್ಟು ಚೆನ್ನಾಗಿದೆ ಹವೆ ಅಂತ ಅನಿಸುತ್ತದೆ ಅಲ್ವಾ, ಅವತ್ತು ರಾತ್ರಿ ಅದೇ ನೀರು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಹೀಗಾಗಿ ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಹೊರಡಬೇಡಿ, ಕತ್ತಲಾಗುವ ಮುಂಚೆ ರೂಮು ಸೇರಿ.

ಹೊರಡುವ ಮುಂಚೆ ಕಾರಿನ ಗಾಜಿನಷ್ಟೇ ಅಲ್ಲ, ಛಾವಣಿಯ ಹಿಮವನ್ನೂ ಪೂರ್ತಿ ತೆಗೆಯಿರಿ. ವೇಗದಲ್ಲಿ ಅದು ಹಲಗೆಯಂತೆ ಎದ್ದು ಹಿಂದಿನವರ ಗಾಜಿಗೆ ಬೀಳುತ್ತದೆ. ದಪ್ಪ ಜಾಕೆಟ್ ಬಿಚ್ಚಿ ಸೀಟ್‌ಬೆಲ್ಟ್ ಹಾಕಿಕೊಳ್ಳಿ, ಇಲ್ಲದಿದ್ದರೆ ಬೆಲ್ಟ್ ಮೈಗೆ ಬಿಗಿಯಾಗಿ ಕೂರುವುದಿಲ್ಲ. ಹಿಮದಲ್ಲಿ ಸಿಕ್ಕಿಕೊಂಡು ಕಾರು ನಿಂತರೆ ಎಂಜಿನ್ ಹಾಕಿ ಹೀಟರ್ ಕಾಯಿಸುವ ಮುಂಚೆ ಸೈಲೆನ್ಸರ್ ಕೊಳವೆಯ ಸುತ್ತ ಹಿಮ ಬಗೆದು ತೆಗೆಯಲೇಬೇಕು. ಅದು ಮುಚ್ಚಿಕೊಂಡರೆ ವಿಷದ ಹೊಗೆ ಒಳಗೆ ಬರುತ್ತದೆ, ವಾಸನೆಯೂ ಇರುವುದಿಲ್ಲ. ಈ ಮೂರರಲ್ಲಿ ಯಾವ ದೇಶದಲ್ಲಿದ್ದರೂ ತುರ್ತು ಕರೆಗೆ 112.

ಡ್ರೈವರ್ ಆದವರು ಗ್ಲೂವೈನ್, ಅಂದರೆ ಅಲ್ಲಿಯ ಮಸಾಲೆ ಹಾಕಿದ ಬಿಸಿ ವೈನ್, ಮುಟ್ಟಲೇಬಾರದು. ಇಟಲಿಯಲ್ಲಿ ಡಿಎಲ್ ಸಿಕ್ಕಿ ಮೂರು ವರ್ಷ ಆಗದವರಿಗೆ ಮಿತಿಯೇ ಸೊನ್ನೆ. ಅಲ್ಲಿಯ ಊರುಗಳ ಹಳೇ ಪೇಟೆಗಳಲ್ಲಿ ಝಡ್‌ಟಿಎಲ್ (ಅನುಮತಿ ಇದ್ದ ಗಾಡಿಗೆ ಮಾತ್ರ ಪ್ರವೇಶ) ಬೋರ್ಡ್ ಇದ್ದರೆ ಒಳಗೆ ಕಾರು ನುಗ್ಗಿಸಬೇಡಿ, ಕ್ಯಾಮರಾ ಹಿಡಿದು ದಂಡದ ಚೀಟಿ ತಿಂಗಳುಗಳ ಮೇಲೆ ಬರುತ್ತದೆ.

ಊಟದ ಬಗ್ಗೆ ಮನೆಯಲ್ಲಿ ಅಮ್ಮ ಕೇಳಿಯೇ ಕೇಳುತ್ತಾರೆ. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಸಾಮಾನು ತಂದಿಡಿ. ಸಸ್ಯಾಹಾರಿಗಳು ಕೇಸೆಷ್ಪೆಟ್ಸ್‌ಲೆ ಕೇಳಬಹುದು, ಚೀಸ್ ಹಾಕಿದ ದಪ್ಪ ಶಾವಿಗೆಯಂಥದ್ದು. ದಕ್ಷಿಣ ಟಿರೋಲ್‌ನಲ್ಲಿ ಪಾಲಕ್ ತುಂಬಿದ ಷ್ಲುಟ್ಸ್‌ಕ್ರಾಪ್ಫೆನ್ ಸಿಗುತ್ತದೆ, ಮಾಂಸದ ಚೂರು ಉದುರಿಸಬೇಡಿ ಅಂತ ಮೊದಲೇ ಹೇಳಿ. ಚಪಾತಿ, ಚಟ್ನಿಪುಡಿ, ಒಂದು ಫ್ಲಾಸ್ಕ್ ಬಿಸಿನೀರು ಕಾರಿನಲ್ಲಿ ಇರಲಿ. ಜಾಮ್‌ನಲ್ಲಿ ಮೂರು ಗಂಟೆ ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಪ್ರತಿದಿನ ರಾತ್ರಿ ಎರಡು ವಿಷಯ ನೋಡಿ: ನಾಳಿನ ಹವೆ, ಹಿಮಕುಸಿತದ ವರದಿ. ಟಿರೋಲ್, ದಕ್ಷಿಣ ಟಿರೋಲ್, ಅದರ ಪಕ್ಕದ ಟ್ರೆಂಟಿನೊ ಮೂರೂ ಸೇರಿ ಚಳಿಗಾಲದಲ್ಲಿ ದಿನವೂ ಒಂದೇ ವರದಿ ಹೊರಡಿಸುತ್ತವೆ, ಇಂಗ್ಲಿಷಿನಲ್ಲೂ ಇರುತ್ತದೆ. ಅಪಾಯಕ್ಕೆ 1ರಿಂದ 5ರವರೆಗೆ ಅಂಕಿ. 4 ಅಂತ ಕಂಡರೆ ಮೇಲಿನ ಕಣಿವೆಗಳ ರಸ್ತೆ ಯಾವಾಗ ಬೇಕಾದರೂ ಮುಚ್ಚಬಹುದು, ನೀವು ಒಳಗೇ ಉಳಿದುಬಿಡಬಹುದು. ಅಂಥ ದಿನ ಕಾರು ತೆಗೆಯಬೇಡಿ. ಬೋಲ್ಜಾನೊದಲ್ಲಿದ್ದರೆ ಓಟ್ಜಿಯನ್ನು ನೋಡಿ ಬನ್ನಿ. 1991ರಲ್ಲಿ ಹಿಮನದಿಯಲ್ಲಿ ಸಿಕ್ಕ, 5,000 ವರ್ಷಕ್ಕೂ ಹಳೆಯ ಮನುಷ್ಯನ ದೇಹ ಅಲ್ಲಿಯ ಮ್ಯೂಸಿಯಂನಲ್ಲಿದೆ, ಅರ್ಧ ದಿನ ಹೋಗಿದ್ದೇ ತಿಳಿಯುವುದಿಲ್ಲ. ಇನ್ಸ್‌ಬ್ರುಕ್‌ನಲ್ಲಿದ್ದು ಆಕಾಶ ತಿಳಿಯಾಗಿದ್ದರೆ ಪೇಟೆಯಿಂದಲೇ ನೋರ್ಡ್‌ಕೆಟ್ಟೆ ಕೇಬಲ್ ಕಾರ್ ಹತ್ತಿ, 2,200 ಮೀಟರ್ ದಾಟಿ ಹಾಫೆಲೇಕಾರ್ ತನಕ ಹೋಗುತ್ತದೆ.

ಯಾರು ಓಡಿಸಬೇಕು ಅನ್ನುವುದನ್ನೂ ಆ ರಾತ್ರಿಯೇ ತೀರ್ಮಾನಿಸಿ. ಚೆನ್ನಾಗಿ ಓಡಿಸುವವರು ಯಾರು ಅಂತ ಮಾತ್ರ ನೋಡಬೇಡಿ, ಚೆನ್ನಾಗಿ ನಿದ್ದೆ ಮಾಡಿದವರು ಯಾರು ಅಂತಲೂ ಕೇಳಿ. ಮತ್ತೆ ನಾಲ್ವರಲ್ಲಿ ಒಬ್ಬರು ಬೇಡ ಅಂದರೂ ಆ ದಿನ ಹೋಗುವುದಿಲ್ಲ, ಕಾರಣ ಕೇಳುವುದಿಲ್ಲ, ಆಮೇಲೆ ರೇಗಿಸುವುದೂ ಇಲ್ಲ ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಹೆದರಿಕೆ ಆಗಿದ್ದರೂ ಗೆಳೆಯರ ಮುಂದೆ ಹೇಳಲಾಗದೆ ಸುಮ್ಮನೆ ಹಿಂದಿನ ಸೀಟಿನಲ್ಲಿ ಕೂರುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ.

ಕಾರು ತೆಗೆದುಕೊಳ್ಳುವಾಗ ಮತ್ತು ವಾಪಸ್ ಕೊಡುವಾಗ ನಾಲ್ಕೂ ಬದಿ, ಚಕ್ರ, ಗಾಜು, ಮೀಟರು, ಪೆಟ್ರೋಲ್ ಮುಳ್ಳಿನ ವಿಡಿಯೊ ಮಾಡಿಟ್ಟುಕೊಳ್ಳಿ. ಉಪ್ಪು, ಕೆಸರು ಮೆತ್ತಿದ ಕಾರಿನಲ್ಲಿ ಹಳೇ ಗೀರು ಯಾವುದು ಹೊಸದು ಯಾವುದು ಗೊತ್ತಾಗುವುದಿಲ್ಲ, ಆದ್ದರಿಂದ ಕೊಡುವ ಮುಂಚೆ ಒಮ್ಮೆ ತೊಳೆಸಿ. ಆಫೀಸ್ ಮುಚ್ಚಿದ ಮೇಲೆ ಕೀ ಡಬ್ಬಿಗೆ ಹಾಕಿ ಬರುವ ಬದಲು, ಅಲ್ಲಿಯವರು ಇರುವ ಹೊತ್ತಿಗೇ ಹೋಗಿ, ಅವರ ಕೈಲಿ ಚೆಕ್ ಮಾಡಿಸಿ, ಸಹಿ ಹಾಕಿದ ಕಾಗದ ತೆಗೆದುಕೊಂಡೇ ರೈಲು ಹತ್ತಿ.