ಗಾಲ್ಫ್ ಕ್ಲಬ್ಬಿನ ಶಾಫ್ಟ್ ನೇರವಾಗಿದೆಯೇ? ಮನೆಯಲ್ಲೇ ಪರೀಕ್ಷಿಸುವ ವಿಧಾನ

ಹೈದರಾಬಾದಿನಿಂದ ಹಳೆಯ ಗಾಲ್ಫ್ ಸೆಟ್ ಕೊಂಡು ತರುವ ಕಲಬುರಗಿ, ಬೀದರಿನ ಹವ್ಯಾಸಿ ಆಟಗಾರರು ಮೊದಲು ನೋಡಬೇಕಾದದ್ದು ಚೆಂಡಿಗೆ ತಾಗುವ ಹೆಡ್ಡಿನ ಹೊಳಪನ್ನಲ್ಲ, ಹಿಡಿಕೆಗೂ ಹೆಡ್ಡಿಗೂ ನಡುವಿನ ಉದ್ದನೆಯ ಕೊಳವೆಯಾದ ಶಾಫ್ಟನ್ನು. ಹಿಡಿಕೆಯ ತುದಿಯಿಂದ ಹೆಡ್ಡಿನ ತಳಕ್ಕಿಂತ 5 ಅಂಗುಲ, ಅಂದರೆ 127 ಮಿ.ಮೀ. ಮೇಲಿನವರೆಗಾದರೂ ಶಾಫ್ಟ್ ನೇರವಾಗಿರಬೇಕೆಂಬುದು ಗಾಲ್ಫ್ ಸಲಕರಣೆಗಳ ನಿಯಮವೇ ಆಗಿದೆ.

ಮೊದಲ ಪರೀಕ್ಷೆ ಕಣ್ಣಿನದು. ಒರೆಸಿ ಸ್ವಚ್ಛಗೊಳಿಸಿದ ಉಕ್ಕಿನ ಶಾಫ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ, ಅದರ ಮೈಮೇಲೆ ಬೀಳುವ ಬೆಳಕಿನ ಗೆರೆ ಬಾಗಿದ ಜಾಗದಲ್ಲಿ ಸೊಟ್ಟಗಾಗುತ್ತದೆ. ಉಕ್ಕಿನ ಶಾಫ್ಟುಗಳಲ್ಲಿ ಸಾಮಾನ್ಯವಾಗಿ ಮೆಟ್ಟಿಲುಗಳಿರುವುದರಿಂದ, ಅಂದರೆ ದಪ್ಪ ಹಂತಹಂತವಾಗಿ ಕಡಿಮೆಯಾಗುವುದರಿಂದ, ಪ್ರತಿ ಮೆಟ್ಟಿಲಿನಲ್ಲೂ ಗೆರೆ ಸ್ವಲ್ಪ ತುಂಡಾಗುವುದು ಸಹಜ. ಅದನ್ನು ದೋಷವೆಂದು ಭಾವಿಸಬಾರದು. ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ ನೋಡುವುದು ಇಲ್ಲಿ ಪ್ರಯೋಜನವಿಲ್ಲ. ಐರನ್ ಎಂಬ ಲೋಹದ ಚಪ್ಪಟೆ ಹೆಡ್ಡಿನ ಕ್ಲಬ್ಬಿನ ಶಾಫ್ಟ್ ಹಿಡಿಕೆಯ ಕಡೆ ಸುಮಾರು 15 ಮಿ.ಮೀ., ಹೆಡ್ಡಿನ ಕಡೆ ಸುಮಾರು 9.4 ಮಿ.ಮೀ. ದಪ್ಪವಿರುವುದರಿಂದ, ನೇರವಾಗಿದ್ದರೂ ಅದು ಸುತ್ತು ಹಾದಿಯಲ್ಲೇ ಉರುಳುತ್ತದೆ.

ಸಣ್ಣ ಬಾಗನ್ನು ಹಿಡಿಯಲು ಡಯಲ್ ಗೇಜ್, ಅಂದರೆ ತುದಿಯ ಕಡ್ಡಿ ಸ್ವಲ್ಪ ಸರಿದರೂ ಮುಳ್ಳಿನಿಂದ ತೋರಿಸುವ ಅಳತೆಯ ಸಾಧನ, ಬೇಕು. ದಪ್ಪನೆಯ ಶಹಾಬಾದ್ ಫರ್ಸಿಯೊಂದನ್ನು ಮೇಜಿನ ಅಂಚಿಗೆ ಸರಿಯಾಗಿ ಅಲುಗಾಡದಂತೆ ಇರಿಸಿ. ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುವ ಈ ಕಲ್ಲಿನ ಭಾರವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಲ್ಲಿಗೆ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡ್ ಅಂಟುವುದಿಲ್ಲವಾದ್ದರಿಂದ ಮೇಲೊಂದು ಭಾರವಾದ ಕಬ್ಬಿಣದ ತಗಡಿರಲಿ. ಎರಡು ಮರದ ತುಂಡುಗಳಿಗೆ ತಲಾ ಎರಡರಂತೆ 22 ಮಿ.ಮೀ. ಹೊರವ್ಯಾಸದ 608 ಬೇರಿಂಗುಗಳನ್ನು, ನಡುವೆ 4 ಮಿ.ಮೀ. ಸಂದು ಬಿಟ್ಟು, ಪಕ್ಕಪಕ್ಕದಲ್ಲಿ ಬಿಗಿಯಿರಿ. ಈ ಬೇರಿಂಗುಗಳ ಸಂದಿನ ಮೇಲೆ ಶಾಫ್ಟನ್ನು ಮಲಗಿಸಿದಾಗ ಒಂದು ಆಧಾರ ಹಿಡಿಕೆ ಮುಗಿದ ಕೂಡಲೇ, ಇನ್ನೊಂದು ಹೆಡ್ಡಿಗಿಂತ ಒಂದು ಗೇಣು ಈಚೆಗೆ ಬರಬೇಕು; ಹೆಡ್ ಮೇಜಿನಾಚೆ ತೂಗುತ್ತಿರಲಿ.

ಗೇಜಿನ ತುದಿಯ ಕಡ್ಡಿಯನ್ನು ಮೆಟ್ಟಿಲಿನ ಅಂಚು ತಪ್ಪಿಸಿ ಶಾಫ್ಟಿಗೆ ತಾಗಿಸಿ, ಕ್ಲಬ್ಬನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳನ್ನು ಬರೆದುಕೊಳ್ಳಿ. ಇವೆರಡರ ವ್ಯತ್ಯಾಸದ ಅರ್ಧವೇ ಆ ಜಾಗದ ಬಾಗು. ಉದಾಹರಣೆಗೆ 1.24 ಮತ್ತು 0.30 ಬಂದರೆ ವ್ಯತ್ಯಾಸ 0.94, ಬಾಗು 0.47 ಮಿ.ಮೀ. ಹತ್ತು ಸೆಂ.ಮೀ.ಗೊಮ್ಮೆ ಗೇಜನ್ನು ಸರಿಸಿ ಹೀಗೆಯೇ ಅಳೆಯಿರಿ. ಪ್ರತಿ ಜಾಗದಲ್ಲೂ ಒಂದು ಸುತ್ತಿನ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಶಾಫ್ಟ್ ಕಿರಿದಾಗುತ್ತ ಹೋಗುವುದಾಗಲಿ, ಕಲ್ಲಿನ ಸಣ್ಣ ಏರಿಳಿತವಾಗಲಿ ಲೆಕ್ಕವನ್ನು ಕೆಡಿಸುವುದಿಲ್ಲ.

ಆಧಾರಗಳ ನಡುವೆ ಮುಳ್ಳು ಅಲುಗದೆ, ಹೆಡ್ಡಿನ ಕಡೆಗೆ ಹೋದಂತೆ ವ್ಯತ್ಯಾಸ ಬೆಳೆಯುತ್ತಿದ್ದರೆ ಬಾಗಿರುವುದು ಹೆಡ್ಡಿನ ಕುತ್ತಿಗೆಗೆ ಸಮೀಪದಲ್ಲಿ. ಚೆಂಡಿನ ಬದಲು ಕಲ್ಲಿಗೋ ಬೇರಿಗೋ ಬಿದ್ದ ಹೊಡೆತದ ಗುರುತು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಎಷ್ಟು ಬಾಗನ್ನು ಸಹಿಸಬಹುದು ಎಂಬುದಕ್ಕೆ ಅದೇ ಸೆಟ್ಟಿನ ಉಳಿದ ಕ್ಲಬ್ಬುಗಳನ್ನೂ ಅಳೆದು ಹೋಲಿಸುವುದೇ ನನಗೆ ಸರಿಯೆನಿಸುವ ದಾರಿ.

ಈ ಕೆಲಸವನ್ನು ಅಂಗಳದ ಬಿಸಿಲಿನಲ್ಲಿ ಮಾಡಲೇಬೇಡಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ಒಂದೇ ಮಗ್ಗುಲಿಗೆ ಬಿದ್ದರೆ ಆ ಮಗ್ಗುಲು ಹೆಚ್ಚು ಹಿಗ್ಗಿ, ನೇರವಾದ ಕೊಳವೆಯೂ ಗೇಜಿಗೆ ಗೊತ್ತಾಗುವಷ್ಟು ಬಾಗುತ್ತದೆ. ಕ್ಲಬ್ಬನ್ನು ನೆರಳಿನಲ್ಲಿ ಅರ್ಧ ಗಂಟೆ ಇಟ್ಟು ನಂತರ ಅಳೆಯಿರಿ.

ಗ್ರಾಫೈಟ್ ಶಾಫ್ಟನ್ನು ಬಗ್ಗಿಸಿ ನೇರ ಮಾಡಲಾಗದು. ಅದು ಬಾಗಿ ನಿಲ್ಲುವುದಕ್ಕಿಂತ ಸೀಳುವುದೇ ಹೆಚ್ಚು. ಅದರ ಮೇಲೆ ಹತ್ತಿಯನ್ನು ಮೆಲ್ಲಗೆ ಎಳೆದಾಗ ಎಳೆಗಳು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ ಎಂದು ತಿಳಿಯಿರಿ. ಉಕ್ಕಿನದಾದರೂ ಗೋಡೆ ಮಡಿಚಿ ಗೆರೆ ಬಿದ್ದಿದ್ದರೆ ಬಗ್ಗಿಸಿ ಸರಿಪಡಿಸಲು ಹೋಗಬೇಡಿ. ಹೊಡೆತದ ನಡುವೆ ಅದು ಮುರಿದರೆ ಹೆಡ್ ಹಾರಿ ಎದುರಿಗಿದ್ದವರಿಗೆ ಬೀಳಬಹುದು. ಹೆಡ್ಡನ್ನು ಉಳಿಸಿಕೊಂಡು ಹೊಸ ಶಾಫ್ಟ್ ಹಾಕಿಸಿ.