ಆಸನದಿಂದ ಆಸನಕ್ಕೆ ಸಲೀಸಾಗಿ ಸಾಗುವುದು ಹೇಗೆ?

ಯಾರ ಯೋಗಾಭ್ಯಾಸ ಎಷ್ಟು ಪಳಗಿದೆ ಎಂದು ತಿಳಿಯಬೇಕಾದರೆ ಅವರು ಆಸನದಲ್ಲಿ ನಿಂತಿರುವಾಗ ನೋಡಬೇಡಿ, ಅದರಿಂದ ಹೊರಗೆ ಬರುವಾಗ ನೋಡಿ. ತ್ರಿಕೋನಾಸನದಲ್ಲಿ (ಕಾಲು ಅಗಲಿಸಿ ನಿಂತು ಒಂದು ಬದಿಗೆ ಬಾಗುವ ಆಸನ) ಚೆನ್ನಾಗಿಯೇ ನಿಂತವರು ಎಣಿಕೆ ಮುಗಿದದ್ದೇ ತಡ, ಮಂಡಿಯ ಮೇಲೆ ಕೈಯೂರಿ ದಡಕ್ಕನೆ ಎದ್ದುಬಿಡುತ್ತಾರೆ. ಆಮೇಲೆ ಬಟ್ಟೆ ಸರಿಮಾಡಿಕೊಳ್ಳುವುದು, ಗಡಿಯಾರ ನೋಡುವುದು. ಅಭ್ಯಾಸ ಒರಟಾಗುವುದು, ಮನಸ್ಸು ಚದುರುವುದು ಹೆಚ್ಚಾಗಿ ಈ ನಡುವಿನ ಹೊತ್ತಿನಲ್ಲೇ. ಇದನ್ನು ತಿದ್ದಿಕೊಳ್ಳಲು ಮೈ ಹೆಚ್ಚು ಬಗ್ಗಬೇಕೆಂದೇನೂ ಇಲ್ಲ.

ಮೊದಲು ಉಸಿರಿನ ಅಳತೆ

ಬೆನ್ನ ಮೇಲೆ ಮಲಗಿ, ಮಂಡಿ ಮಡಿಸಿ, ಪಾದ ನೆಲಕ್ಕೂರಿ. ಒಂದೆರಡು ನಿಮಿಷ ಉಸಿರನ್ನು ಬದಲಿಸಲು ಹೋಗದೆ ಸುಮ್ಮನೆ ಎಣಿಸಿ. ಒಳಗೆ ಮೂರು ಎಣಿಕೆ, ಹೊರಗೆ ಮೂರು ಎಣಿಕೆ ಬಂದರೆ, ಹೊರಗಿನದನ್ನು ಮಾತ್ರ ನಾಲ್ಕಕ್ಕೆ ಎಳೆಯಿರಿ. ಕೆಲವು ವಾರಗಳಲ್ಲಿ ಒಳಗೆ ನಾಲ್ಕು, ಹೊರಗೆ ಆರರವರೆಗೆ ಹೋಗಬಹುದು. ಎಣಿಕೆಗೊಂದು ಸೆಕೆಂಡಿನಂತೆ ಅದು ನಿಮಿಷಕ್ಕೆ 6 ಉಸಿರು. ಉಸಿರು ಒಳಗೆಳೆದಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ನಿಧಾನವಾಗುತ್ತದೆ. ಹೊರ ಉಸಿರನ್ನು ಉದ್ದ ಮಾಡಿದರೆ ಮೈ ಶಾಂತವಾಗುವುದು ಅದಕ್ಕೇ.

ಎಳೆದದ್ದು ಅತಿಯಾಯಿತೇ ಎಂದು ತಿಳಿಯುವುದು ಸುಲಭ: ಮುಂದಿನ ಉಸಿರನ್ನು ಗಬಕ್ಕನೆ ಒಳಗೆಳೆದುಕೊಂಡರೆ ಎಣಿಕೆ ನಿಮ್ಮ ಶಕ್ತಿ ಮೀರಿದೆ, ಒಂದು ಕಡಿಮೆ ಮಾಡಿ. ನಿಂತು ಮಾಡುವ ಆಸನಗಳಲ್ಲಿ ಇದೇ ಅಳತೆ ಹಿಡಿಯಬೇಕೆಂಬ ಹಟವೂ ಬೇಡ. ಅಲ್ಲಿ ಮೂರು–ನಾಲ್ಕಕ್ಕೆ ಇಳಿದರೆ ಸಾಕು. ರಕ್ತದೊತ್ತಡ ಹೆಚ್ಚಿರುವವರು, ಹೃದ್ರೋಗಿಗಳು, ಗರ್ಭಿಣಿಯರು ಉಸಿರು ಹಿಡಿದಿಡುವ ಅಭ್ಯಾಸಕ್ಕೆ ಹೋಗಬಾರದು.

ಬರೀ ಕೈ ಎತ್ತಿ ನೋಡಿ

ತಾಡಾಸನದಲ್ಲಿ, ಅಂದರೆ ಕಾಲು ಜೋಡಿಸಿ ನೆಟ್ಟಗೆ, ನಿಲ್ಲಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರರ ಮೇಲೂ ಭಾರ ಹಂಚಿರಲಿ. ಮೊದಲು ಉಸಿರು ಶುರುವಾಗಲಿ, ಅರೆ ಕ್ಷಣ ಬಿಟ್ಟು ಕೈ ಹೊರಡಲಿ. ಕೈ ಬದಿಯಿಂದ ಮೇಲೇರಿ ತಲೆಯ ಮೇಲೆ ನಿಂತ ಮೇಲೂ ಉಸಿರು ಇನ್ನೂ ಚೂರು ಉಳಿದಿರಬೇಕು. ಇಳಿಸುವಾಗಲೂ ಹಾಗೆಯೇ. ಆರು ಸಲ ಮಾಡಿ.

ಕೇಳಲು ಮಕ್ಕಳಾಟದಂತಿದ್ದರೂ ಎಡವುವವರೇ ಹೆಚ್ಚು. ಉಸಿರು ಎರಡನೆಯ ಎಣಿಕೆಯಲ್ಲಿರುವಾಗಲೇ ಕೈ ಮೇಲೆ ತಲುಪಿ ಕಾಯುತ್ತಿರುತ್ತದೆ. ಕೈ ಭುಜದ ಮಟ್ಟ ದಾಟಿದ ಮೇಲೆ ಹೆಗಲು ಕಿವಿಗೆ ಅಂಟುತ್ತದೆ. ಮೊದಲನೆಯದಕ್ಕೆ ಮದ್ದು, ಹೊರಡುವಾಗಲೇ ನಿಧಾನಿಸುವುದು. ಎರಡನೆಯದಕ್ಕೆ, ಕೈ ಭುಜದ ಮಟ್ಟಕ್ಕೆ ಬಂದಾಗ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು. ಆಗ ಭುಜದ ಕೀಲಿಗೆ ತಿರುಗಲು ಜಾಗ ಸಿಗುತ್ತದೆ. ಇಷ್ಟು ಕೈಗೂಡದೆ ಸೂರ್ಯನಮಸ್ಕಾರದ ಸುತ್ತು ಹೆಚ್ಚಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. 12 ಸುತ್ತಿನ ಅವಸರಕ್ಕಿಂತ ಉಸಿರಿಗೆ ಹೊಂದಿದ ನಾಲ್ಕು ಸುತ್ತು ಮೇಲು.

ತಡವರಿಸುವ ನಾಲ್ಕು ಜಾಗಗಳು

ಉತ್ತಾನಾಸನದಿಂದ (ನಿಂತು ಮುಂದಕ್ಕೆ ಬಗ್ಗುವ ಆಸನ) ಏಳುವುದು: ತಲೆ ಕೆಳಗಿದ್ದು ಒಮ್ಮೆಲೇ ಎದ್ದರೆ ರಕ್ತದೊತ್ತಡ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು, ಅಷ್ಟರಲ್ಲಿ ಕಣ್ಣು ಕತ್ತಲಿಟ್ಟುಕೊಳ್ಳುತ್ತದೆ. ಮಂಡಿ ಸ್ವಲ್ಪ ಮಡಿಸಿ, ಕೈಗಳನ್ನು ಮೊಣಕಾಲ ಮುಂಭಾಗದ ಮೇಲಿಟ್ಟು, ಬೆನ್ನನ್ನು ಅರ್ಧ ಎತ್ತಿ ಒಂದು ಉಸಿರು ನಿಲ್ಲಿ. ಮುಂದಿನ ಉಸಿರಿಗೆ ಪೂರ್ತಿ ಏಳಿ. ಬಗ್ಗುವಾಗಲೂ ಜೋಲು ಬೀಳಬೇಡಿ. ತಟ್ಟನೆ ಎಳೆದರೆ ತೊಡೆಯ ಹಿಂಭಾಗದ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ, ನಿಧಾನವಾಗಿ ಹೋದರೆ ಬಿಟ್ಟುಕೊಡುತ್ತದೆ. ಗ್ಲುಕೋಮಾ ಇರುವವರು ತಲೆ ಕೆಳಗಾಗುವ ಆಸನಗಳನ್ನು ಕಣ್ಣಿನ ವೈದ್ಯರನ್ನು ಕೇಳದೆ ಮಾಡಬಾರದು.

ಅಧೋಮುಖ ಶ್ವಾನಾಸನದಿಂದ (ಅಂಗೈ, ಪಾದ ನೆಲಕ್ಕೂರಿ ಸೊಂಟ ಮೇಲೆತ್ತುವ ಆಸನ) ಕಾಲು ಮುಂದಿಡುವುದು: ಧೊಪ್ಪೆಂಬ ಸದ್ದು ಬರುವುದು ಇಲ್ಲೇ. ಕಾಲು ಗಿಡ್ಡವೆಂದೋ ಹೊಟ್ಟೆ ಅಡ್ಡವೆಂದೋ ಜನ ಹೇಳುತ್ತಾರೆ. ನಿಜವಾದ ಕಾರಣ ಬಹುಮಟ್ಟಿಗೆ ಭಾರ ಹಿಂದೆಯೇ ಉಳಿದಿರುವುದು. ಮೊದಲು ಭುಜಗಳು ಮಣಿಕಟ್ಟಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ. ಉಸಿರು ಬಿಡುತ್ತಾ ಬೆನ್ನು ಗುಮ್ಮಟದಂತೆ ಮಾಡಿ, ಮಂಡಿಯನ್ನು ಎದೆಗೆ ತಂದು, ಆಮೇಲೆ ಪಾದವನ್ನು ಕೈಗಳ ನಡುವೆ ಇಡಿ. ಇಷ್ಟಾದರೂ ತಲುಪದಿದ್ದರೆ ಅಂಗೈಗಳ ಕೆಳಗೆ ಸುಮಾರು 10 ಸೆಂ.ಮೀ. ಎತ್ತರದ ಯೋಗದ ಇಟ್ಟಿಗೆ ಇಟ್ಟುಕೊಳ್ಳಿ, ಇಲ್ಲವೇ ಎರಡು ಹೆಜ್ಜೆಯಲ್ಲಿ ಬನ್ನಿ.

ಚತುರಂಗ ದಂಡಾಸನಕ್ಕೆ (ಅಂಗೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೆಲದ ಹತ್ತಿರ ನೇರವಾಗಿ ಹಿಡಿಯುವ ಆಸನ) ಇಳಿಯುವುದು: ಇಳಿಯುವಾಗ ಕುಸಿದರೆ ತೋಳಿಗೆ ಇಳಿತವನ್ನು ತಡೆಹಿಡಿಯುವಷ್ಟು ಬಲ ಬಂದಿಲ್ಲವೆಂದೇ ಅರ್ಥ. ಮಂಡಿ ನೆಲಕ್ಕೂರಿ, ಮೊಣಕೈಗಳನ್ನು ಪಕ್ಕೆಲುಬಿಗೆ ತಾಗಿಸಿಕೊಂಡು, ಉಸಿರು ಬಿಡುತ್ತಾ ನಾಲ್ಕು ಎಣಿಕೆಯಲ್ಲಿ ಇಳಿಯಿರಿ. ಭುಜ ಮೊಣಕೈ ಮಟ್ಟಕ್ಕಿಂತ ಕೆಳಗೆ ಹೋಗಬಾರದು, ಹೋದರೆ ಭುಜದ ಮುಂಭಾಗಕ್ಕೆ ಪೆಟ್ಟು.

ತ್ರಿಕೋನಾಸನದಿಂದ ಹೊರಬರುವುದು: ಮೊದಲು ನೋಟವನ್ನು ಮೇಲಿನ ಕೈಯಿಂದ ಕೆಳಗೆ ಇಳಿಸಿ. ಹಿಂದಿನ ಪಾದದ ಹೊರ ಅಂಚನ್ನು ನೆಲಕ್ಕೆ ಒತ್ತಿ, ಉಸಿರು ಒಳಗೆಳೆಯುತ್ತಾ ಮೇಲಿನ ಕೈಯ ದಾರಿಯಲ್ಲೇ ಎದ್ದುಬನ್ನಿ. ನೇರವಾಗಿ ನಿಂತ ಮೇಲಷ್ಟೇ ಪಾದ ತಿರುಗಿಸಿ. ಏಳುತ್ತಲೇ ಪಾದ ತಿರುಗಿಸುವುದರಿಂದ ಮಂಡಿ ತಿರುಚಿಕೊಳ್ಳುತ್ತದೆ.

ನಿಂತ ಮೇಲೆ

ಸ್ಥಿತಿಗೆ ತಲುಪಿದೊಡನೆ ಅಲ್ಲಿಂದ ಎರಡು ಬೆರಳಿನಷ್ಟು ಹಿಂದಕ್ಕೆ ಬನ್ನಿ. ‘ಪ್ರಯತ್ನ ಶೈಥಿಲ್ಯ’ದಿಂದ ಆಸನ ಸಿದ್ಧಿಸುತ್ತದೆ ಎಂದು ಪತಂಜಲಿ ಹೇಳುವುದೂ ಈ ಬಿಗಿ ಸಡಿಲಿಸುವುದನ್ನೇ. ಸಡಿಲಿಸಬೇಕಾದದ್ದು ತೊಡೆಯನ್ನಲ್ಲ, ತೊಡೆ ನಿಮ್ಮನ್ನು ಹೊತ್ತಿದೆ. ದವಡೆ, ಅಂಗುಳಿಗೆ ಅಂಟಿದ ನಾಲಿಗೆ, ಹುಬ್ಬಿನ ನಡುವೆ ಬಿದ್ದ ಗಂಟು, ಕೈಬೆರಳು, ಇವು ಬೇಡದ ಕಡೆ ದುಡಿಯುತ್ತಿರುತ್ತವೆ. ಒಂದೊಂದು ಹೊರ ಉಸಿರಿಗೆ ಒಂದೊಂದನ್ನು ಬಿಡಿ. ಐದು ಉಸಿರು ನಿಂತರೆ ನಾಲ್ಕೂ ಮುಗಿದು ಒಂದು ಉಸಿರು ಮಿಗುತ್ತದೆ.

ಒಂಟಿ ಕಾಲಲ್ಲಿ ನಿಲ್ಲುವ ವೃಕ್ಷಾಸನದಂಥ ಸಮತೋಲನದ ಆಸನಗಳಲ್ಲಿ ಕಣ್ಣಿನ ಮಟ್ಟದಲ್ಲಿರುವ ಅಲುಗದ ಒಂದು ಬಿಂದುವಿನ ಮೇಲೆ ನೋಟ ನೆಡಿ. ಕಣ್ಣು ಅಲೆದರೆ ಮೈಯೂ ಅಲೆಯುತ್ತದೆ. ಎತ್ತಿದ ಪಾದ ತೊಡೆಗೋ ಮೀನಖಂಡಕ್ಕೋ ಒತ್ತಲಿ, ಮಂಡಿಗೆ ಮಾತ್ರ ಬೇಡ. ಪಾದದ ಕೀಲಿನ ಬಳಿಯ ಸಣ್ಣ ನಡುಕಕ್ಕೆ ಹೆದರಬೇಕಿಲ್ಲ, ಸಮತೋಲನ ಉಳಿಯುವುದೇ ಆ ಸಣ್ಣ ತಿದ್ದುಪಡಿಗಳಿಂದ. ನಡುಕ ವಿಪರೀತವಾದರೆ ಕೆಳಗಿನ ಮ್ಯಾಟ್ ನೋಡಿ. 4ರಿಂದ 6 ಮಿ.ಮೀ. ದಪ್ಪ ಸಾಕು. ಮೆತ್ತಗೆ ದಪ್ಪಗಿರುವುದು ಮಂಡಿಗೆ ಹಿತವಾದರೂ ಪಾದಕ್ಕೆ ನೆಲದ ಸುಳಿವು ಕೊಡುವುದಿಲ್ಲ.

ಹೊತ್ತಿನ ಲೆಕ್ಕ

ಊಟವಾಗಿ ಮೂರು–ನಾಲ್ಕು ಗಂಟೆ ಕಳೆದಿರಲಿ. 40 ನಿಮಿಷವಿದ್ದರೆ ಉಸಿರಿಗೆ 5, ಕೈ ಎತ್ತುವುದಕ್ಕೆ 3, ಆಸನಗಳಿಗೆ 24, ಶವಾಸನಕ್ಕೆ 8. ಆಸನಗಳು ಆರರಿಂದ ಎಂಟು ಸಾಕು. ಹದಿನೈದು ತುರುಕಿದರೆ ಅವಸರ ತಾನಾಗಿ ಬರುತ್ತದೆ, ಕೊನೆಗೆ ಕತ್ತರಿ ಬೀಳುವುದು ಶವಾಸನಕ್ಕೆ. ಶವಾಸನದಿಂದಲೂ ನೆಟ್ಟಗೆ ಎದ್ದು ಕೂರಬೇಡಿ. ಒಂದು ಮಗ್ಗುಲಿಗೆ ಹೊರಳಿ, ಮೂರು ಉಸಿರು ಬಿಟ್ಟು, ಕೈಯೂರಿ ಏಳಿ, ತಲೆ ಎಲ್ಲಕ್ಕಿಂತ ಕೊನೆಗೆ ಮೇಲೆ ಬರಲಿ.

ತಾಳವಿರುವ ಹಾಡು ಹಾಕಿಕೊಂಡರೆ ಮೈ ಉಸಿರನ್ನು ಬಿಟ್ಟು ತಾಳವನ್ನು ಹಿಂಬಾಲಿಸುತ್ತದೆ, ಆದ್ದರಿಂದ ಸದ್ದಿಲ್ಲದಿದ್ದರೇ ವಾಸಿ. ತಿಂಗಳಿಗೊಮ್ಮೆ ಮೊಬೈಲನ್ನು ಪಕ್ಕದಲ್ಲಿಟ್ಟು ಅಭ್ಯಾಸವನ್ನು ಚಿತ್ರೀಕರಿಸಿ. ಆ ಚಿತ್ರದಲ್ಲಿ ಆಸನಗಳ ಭಾಗವನ್ನು ಬೇಗ ಓಡಿಸಿ, ನಡುವಿನ ಚಲನೆಗಳನ್ನು ಮಾತ್ರ ನೋಡಿ. ಎಲ್ಲಿ ಪಾದದ ಸದ್ದು ಕೇಳುತ್ತದೋ, ಎಲ್ಲಿ ಕೈ ಬಟ್ಟೆಗೋ ಕೂದಲಿಗೋ ಹೋಗುತ್ತದೋ ಗುರುತು ಹಾಕಿಕೊಳ್ಳಿ. ವಾರಕ್ಕೆ ಒಂದನ್ನಷ್ಟೇ ತಿದ್ದಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಉಸಿರೇ ಕೈತಪ್ಪುತ್ತದೆ.