ಬೈಕ್ ಕೀ ಕೇಳೋ ಸೀನಲ್ಲಿ ಕಂಟಿನ್ಯೂಟಿ ಪ್ರಾಕ್ಟೀಸ್

ಶಾರ್ಟ್ ಫಿಲ್ಮ್ ಮಾಡೋಕೆ ಹೊರಟವ್ರು ಮೊದ್ಲು ಕತೆ ಹುಡುಕ್ತಾರೆ, ಆದ್ರೆ ಕಂಟಿನ್ಯೂಟಿ, ಅಂದ್ರೆ ಬೇರೆಬೇರೆ ತೆಗೆದ ಶಾಟ್‌ಗಳು ಒಂದೇ ಓಟದಲ್ಲಿ ನಡೆದಂಗೆ ಕೂಡೋದು, ಅದ್ರ ಪ್ರಾಕ್ಟೀಸ್‌ಗೆ ಕತೆ ಬೇಕಾಗಿಲ್ಲ. ಒಬ್ಬ ಬಾಗಿಲು ತೆಗೆದು ಬರ್ತಾನೆ, ಹಾಲ್ ದಾಟಿ ಇನ್ನೊಬ್ಬನ ಎದುರು ಕೂರ್ತಾನೆ, ನಾಕು ಮಾತಾಡ್ತಾರೆ, ಅಷ್ಟೇ. ಫಿಲ್ಮ್ ಕಲಿಯೋರಿಗೆ ಕೊಡೋ ಹಳೇ ಎಕ್ಸರ್‌ಸೈಜ್ ಇದು, ಮ್ಯಾಚ್ ಆನ್ ಆಕ್ಷನ್ (ಒಂದೇ ಚಲನೆ ನಡೀತಿರುವಾಗ್ಲೇ ಒಂದು ಶಾಟಿಂದ ಇನ್ನೊಂದಕ್ಕೆ ಕಟ್ ಮಾಡೋದು), 180 ಡಿಗ್ರಿ ರೂಲ್ (ಇಬ್ಬರನ್ನ ಸೇರಿಸೋ ಗೆರೆಯ ಒಂದೇ ಕಡೆ ಕ್ಯಾಮೆರಾ ಇರ್ಬೇಕು ಅನ್ನೋದು), ಶಾಟ್ ರಿವರ್ಸ್ ಶಾಟ್ (ಒಮ್ಮೆ ಇವನನ್ನ, ಒಮ್ಮೆ ಎದುರಿನವನನ್ನ ತೋರಿಸೋದು) ಎಲ್ಲಾ ಇದ್ರಲ್ಲೇ ಬಂದ್ಬಿಡುತ್ತೆ. ನಾನು ನಮ್ಮನೆ ಹಾಲಲ್ಲೇ ಫೋನಲ್ಲಿ ತೆಗೆದೆ, ಫ್ರೆಂಡು ಬೈಕ್ ಕೀ ಕೇಳೋಕೆ ಬರೋದು, ನನ್ ತಮ್ಮ ಕೊಡಲ್ಲ ಅನ್ನೋದು.

ಜಾಸ್ತಿ ಹೊತ್ತು ಹೋಗಿದ್ದು ಬಾಗಿಲ ಹತ್ರಾನೇ. ಹೊರಗಿಂದ ಒಂದು ಶಾಟು, ಒಳಗಿಂದ ಒಂದು ಶಾಟು. ಹೊರಗೆ ಅರ್ಧ ತಳ್ಳಿಸಿ ಒಳಗೆ ಉಳಿದರ್ಧ ಮಾಡಿಸಿದ್ರೆ ಆಮೇಲೆ ಎಡಿಟ್ ಮಾಡುವಾಗ ಕಟ್ ಮಾಡೋಕೆ ಒಂದೇ ಜಾಗ ಇರುತ್ತೆ, ಅದು ಕೂಡ್ಲಿಲ್ಲ ಅಂದ್ರೆ ಮುಗೀತು. ಅದಕ್ಕೆ ಎರಡೂ ಕಡೆಯಿಂದ ಪೂರ್ತಿ ಆಕ್ಷನ್ ತೆಗೆದೆ, ಚಿಲಕಕ್ಕೆ ಕೈ ಹಾಕೋದ್ರಿಂದ ಹಿಡಿದು ಒಳಗೆ ಬಂದು ಬಾಗಿಲು ಮುಚ್ಚೋವರೆಗೂ, ಅದೇ ಕೈ ಅದೇ ಸ್ಪೀಡು. ಬಾಗಿಲು ಇನ್ನೂ ತಿರುಗ್ತಿರುವಾಗ್ಲೇ ಕಟ್ ಮಾಡಿದ್ರೆ ನೋಡೋರ ಕಣ್ಣು ಆ ಮೂವ್‌ಮೆಂಟ್ ಹಿಂದೆ ಹೋಗಿರುತ್ತೆ, ಕಟ್ ಗೊತ್ತೇ ಆಗಲ್ಲ. ಎರಡು ಮೂರು ಫ್ರೇಮ್ ಆಕಡೆ ಈಕಡೆ ಆದ್ರೂ ವ್ಯತ್ಯಾಸ ಕಾಣುತ್ತೆ ನೋಡಿ.

ಇನ್ನೊಂದು, ನಮ್ಮನೆಗಳಲ್ಲಿ ಚಪ್ಪಲಿ ಹೊರಗೆ ಬಿಡ್ತೀವಲ್ಲ, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇದನ್ನ ಯಾರೂ ಹೇಳಲ್ಲ! ಹೊರಗಿನ ಶಾಟಲ್ಲಿ ಬಿಟ್ಟ ಜಾಗದಲ್ಲೇ ಒಳಗಿನ ಶಾಟಲ್ಲೂ ಬಾಗಿಲ ಸಂದೀಲಿ ಅವು ಕಾಣ್ಬೇಕು, ಕಾಲು ಫ್ರೇಮಲ್ಲಿ ಇಲ್ದೇ ಇದ್ರೂ ಬರಿಗಾಲಲ್ಲೇ ನಡೀಬೇಕು ಯಾಕಂದ್ರೆ ಚಪ್ಪಲಿ ಹಾಕಿದ್ರೆ ಹೆಜ್ಜೆ ಸೌಂಡೇ ಬೇರೆ ಥರ ಬರುತ್ತೆ.

180 ಡಿಗ್ರಿಗೆ ಸೀಮೆಸುಣ್ಣ ಸಾಕು. ಒಂದು ಕುರ್ಚಿಯಿಂದ ಇನ್ನೊಂದಕ್ಕೆ ನೆಲದ ಮೇಲೆ ಗೆರೆ ಎಳೆದು, ಟ್ರೈಪಾಡ್ ಗೆರೆಯ ಕಿಟಕಿ ಕಡೆಗೆ ಮಾತ್ರ ಅಂತ ರೂಲ್ ಮಾಡ್ಕೊಂಡೆ, ನೆಲ ಕಾಣೋ ವೈಡ್ ಶಾಟ್ ತೆಗೆಯೋಕೆ ಮುಂಚೆ ಅಳಿಸಿದ್ದು. ಕ್ಲೋಸಪ್‌ನಲ್ಲಿ ತಮ್ಮ ಲೆನ್ಸಿನ ಸ್ವಲ್ಪ ಬಲಕ್ಕೆ ನೋಡಿದ್ರೆ ಫ್ರೆಂಡು ಸ್ವಲ್ಪ ಎಡಕ್ಕೆ ನೋಡ್ಬೇಕು, ಆಗ್ಲೇ ಎದುರುಬದುರು ಕೂತಿದಾರೆ ಅನ್ಸೋದು. ಎದುರಿಗೆ ನಿಜವಾದ ಮನುಷ್ಯನ್ನೇ ಕೂರಿಸಿ, ಗೋಡೆ ನೋಡ್ಕೊಂಡು ಡೈಲಾಗ್ ಹೇಳು ಅಂದ್ರೆ ಕಣ್ಣು ಎಲ್ಲೆಲ್ಲೋ ಅಲೆಯುತ್ತೆ. ಒಬ್ಬನನ್ನೇ ಎರಡು ಶಾಟಲ್ಲಿ ತೋರಿಸಿ ಪಕ್ಕಪಕ್ಕ ಕಟ್ ಮಾಡೋದಾದ್ರೆ ಕ್ಯಾಮೆರಾ ಕನಿಷ್ಠ 30 ಡಿಗ್ರಿ ಸರಿದಿರ್ಬೇಕು, ಇಲ್ಲಾಂದ್ರೆ ಫ್ರೇಮು ಎಗರಿದಂಗೆ ಕಾಣುತ್ತೆ.

ಲೈಟ್ ವಿಷಯ ಬೇಗ ಹೇಳ್ಬಿಡ್ತೀನಿ. ಕಿಟಕಿ ಬಿಸಿಲು ನಂಬ್ಬೇಡಿ, ಪರದೆ ಎಳೆದು ಟ್ಯೂಬ್‌ಲೈಟ್ ಹಾಕಿ. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ರೆ ಫ್ಲಿಕರ್ ಕಾಟ, ಅಂದ್ರೆ ವಿಡಿಯೋಲಿ ಲೈಟ್ ಮಿಣುಕೋದು, ಇರಲ್ಲ. ಎಕ್ಸ್‌ಪೋಷರ್ (ಬೆಳಕಿನ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಎರಡೂ ಫೋನು ತಾನಾಗೇ ಬದಲಾಯಿಸದಂಗೆ ಲಾಕ್ ಮಾಡಿ. ಸೌಂಡಿಗೋಸ್ಕರ ಫ್ಯಾನ್ ಆಫ್ ಮಾಡಿರ್ತೀವಿ, ಟೇಕ್ ಮಧ್ಯೆ ಸೆಖೆ ಅಂತ ಹಾಕಿದ್ರೆ ಹುಡುಗರ ಕ್ರಾಪು ಬದಲಾಗಿರುತ್ತೆ, ಪ್ರತಿ ಶಾಟ್ ಮುಗಿದ್ಮೇಲೆ ಒಂದು ಸ್ಟಿಲ್ ಹೊಡ್ಕೊಂಡಿದ್ರೆ ಸರಿ ಮಾಡ್ಕೋಬಹುದು.

ತಮ್ಮನ ಕೈಲಿರೋ ಕಾಫಿಗೆ ಗಾಜಿನ ಲೋಟದ ಬದ್ಲು ಸ್ಟೀಲ್ ಲೋಟ ಇಟ್ಟೆ, ಶಾಟಿಂದ ಶಾಟಿಗೆ ಕಾಫಿ ಹೆಚ್ಚುಕಮ್ಮಿ ಆದ್ರೂ ಒಳಗೆ ಎಷ್ಟಿದೆ ಅಂತ ಯಾರಿಗೂ ಕಾಣಲ್ಲವಲ್ಲ. ಆದ್ರೆ ಅದ್ರಲ್ಲಿ ಟ್ರೈಪಾಡ್ ಹೊಳೀತಿರುತ್ತೆ, ಸ್ವಲ್ಪ ತಿರುಗಿಸಿಡಿ.

ಇಷ್ಟೆಲ್ಲಾ ಹೇಳಿ ಒಂದು ತಕರಾರು ಮಾತು. ವಾಲ್ಟರ್ ಮರ್ಚ್ ಅನ್ನೋ ದೊಡ್ಡ ಎಡಿಟರ್ ಒಂದು ಕಟ್‌ಗೆ ಮಾರ್ಕ್ಸ್ ಹಂಚುವಾಗ ಭಾವನೆಗೆ 51%, ಜಾಗದ ಕಂಟಿನ್ಯೂಟಿಗೆ ಬರೀ 4% ಕೊಟ್ಟಿದಾರೆ. ಎಡಿಟ್‌ಗೆ ಕೂತಾಗ ಅದು ನಿಜ ಅನ್ನಿಸ್ತು. ತಮ್ಮ "ಪೆಟ್ರೋಲ್ ಇಲ್ಲ ಕಣೋ" ಅಂತ ಸುಳ್ಳು ಹೇಳೋ ಒಂದು ಟೇಕಲ್ಲಿ ಮುಖ ಎಷ್ಟು ಚೆನ್ನಾಗಿತ್ತು ಅಂದ್ರೆ, ಲೋಟ ಬೇರೆ ಕೈಯಲ್ಲಿದೆ ಅಂತ ಗೊತ್ತಿದ್ದೂ ಅದನ್ನೇ ಇಟ್ಕೊಂಡೆ, ನೋಡಿದ ಒಬ್ರೂ ಕೇಳ್ಲಿಲ್ಲ. ಕಣ್ಣಿನ ದಿಕ್ಕು ತಪ್ಪಿದ್ದಿದ್ರೆ ಮಾತ್ರ ಕೇಳದೇ ಇದ್ರೂ ಏನೋ ಸರಿಯಿಲ್ಲ ಅನ್ನಿಸ್ತಿತ್ತು.

ಮುಂದಿನ ಸಲ ಅಮ್ಮನ್ನೂ ಸೇರಿಸೋ ಪ್ಲಾನ್ ಇದೆ. ಮೂರು ಜನ ಅಂದ್ರೆ ಮೂರು ಗೆರೆ, ಯಾರು ಯಾರ ಜೊತೆ ಮಾತಾಡ್ತಿದಾರೆ ಅನ್ನೋದ್ರ ಮೇಲೆ ಗೆರೆ ಬದಲಾಗ್ತಾ ಹೋಗುತ್ತೆ, ಅದಕ್ಕೆ ಪೇಪರ್ ಮೇಲೆ ಕುರ್ಚಿ ಕ್ಯಾಮೆರಾ ಎಲ್ಲಾ ಬರ್ಕೊಂಡೇ ಶೂಟ್ ಶುರು ಮಾಡೋದು.